ಹೊತ್ತು ಮುಳುಗುವ ಮುನ್ನ: ನವೆಂಬರ್‌ನ ನ್ಯೂಯಾರ್ಕ್‌ನಲ್ಲಿ ಏನು ನೋಡಬೇಕು, ಏನು ಬಿಡಬೇಕು

ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಒಂದೇ ಧಾಟಿಯವು. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ನವೆಂಬರ್‌ನಲ್ಲಿ ಹೋಗುತ್ತಿದ್ದೇವೆ, ನ್ಯೂಯಾರ್ಕ್ ನೋಡಲು ಮೂರೋ ನಾಲ್ಕೋ ದಿನ ಸಿಗುತ್ತದೆ, ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು? ಜೊತೆಗೊಂದು ಪಟ್ಟಿ. ಹೋದ ವರ್ಷ ಬಂದ ಒಂದು ಪಟ್ಟಿಯಲ್ಲಿ ಇಪ್ಪತ್ತೆರಡು ಜಾಗಗಳಿದ್ದವು. ಬರೆದವರಿಗೆ ಎಪ್ಪತ್ತೊಂದು ವಯಸ್ಸು, ಅವರ ಹೆಂಡತಿಗೆ ಮಂಡಿನೋವು. ಆದರೂ ಪಟ್ಟಿಯಲ್ಲಿ ಬ್ರೂಕ್ಲಿನ್ ಸೇತುವೆಯ ನಡಿಗೆ ಇತ್ತು, ಮೂರು ಗಗನಚುಂಬಿಗಳ ನೆತ್ತಿ ಇತ್ತು, ದ್ವೀಪಗಳು ಇದ್ದವು. ಯಾರೋ ಜೂನ್ ತಿಂಗಳಿಗೆಂದು ಬರೆದಿಟ್ಟ ಪಟ್ಟಿ ಅದು ಎಂದು ನೋಡಿದ ಕೂಡಲೇ ತಿಳಿಯಿತು.

ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಗೆ. ನವೆಂಬರ್‌ನ ಮೊದಲ ಭಾನುವಾರ ಊರಿಗೆ ಊರೇ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಆ ದಿನದಿಂದ ಐದು ಹೊಡೆಯುವ ಮೊದಲೇ ಸಂಜೆ. ತಿಂಗಳ ಕೊನೆಗೆ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ, ಮುಳುಗುವುದು ನಾಲ್ಕೂವರೆಗೆ. ಬೆಳಗಿನ ತಿಂಡಿ ಮುಗಿಸಿ, ಸ್ವೆಟರ್‌ನ ಮೇಲೊಂದು ಕೋಟು ಹಾಕಿ, ನ್ಯೂಜೆರ್ಸಿಯಿಂದ ರೈಲು ಹಿಡಿದು ಹನ್ನೊಂದಕ್ಕೆ ಮ್ಯಾನ್‌ಹಟನ್‌ಗೆ ಬಂದಿಳಿದವರ ಕೈಯಲ್ಲಿ ಉಳಿದಿರುವುದು ಐದೂವರೆ ಗಂಟೆಯ ಬೆಳಕು. ಈ ಊರಿನಲ್ಲಿ ನವೆಂಬರ್‌ನಲ್ಲಿ ನಿಜಕ್ಕೂ ದುಬಾರಿಯಾದದ್ದು ಅದೇ. ಡಾಲರ್ ಆಮೇಲಿನ ಮಾತು.

ಮೊದಲು ಅಳತೆಗೋಲು

ಹಾಗಾಗಿ ಪ್ರತಿ ಜಾಗಕ್ಕೂ ನಾನು ಮೊದಲು ಕೇಳುವ ಪ್ರಶ್ನೆ, ಇದಕ್ಕೆ ಹಗಲು ಬೇಕೇ? ಕತ್ತಲಲ್ಲೂ ನೋಡಬಹುದಾದದ್ದಕ್ಕೆ ಹಗಲನ್ನು ಕೊಡಬಾರದು. ಎರಡನೆಯದು ಗಾಳಿ. ನವೆಂಬರ್‌ನಲ್ಲಿ ಹಗಲಿನ ಉಷ್ಣಾಂಶ ಸರಾಸರಿ 12 ಡಿಗ್ರಿ ಸೆಲ್ಸಿಯಸ್, ರಾತ್ರಿ 5-6 ಡಿಗ್ರಿ. ಕೇಳಲು ಭಯಪಡುವಂಥದ್ದೇನಲ್ಲ, ಆದರೆ ಎರಡು ನದಿಗಳ ನಡುವಿನ ಊರು ಅದು. ಬಿಸಿಲಿನ ಬೀದಿಯಲ್ಲಿ ಹಿತವೆನಿಸಿದ ಚಳಿ, ಹಡಗಿನ ತೆರೆದ ಅಟ್ಟದಲ್ಲಿ ಕಿವಿ ಕತ್ತರಿಸುತ್ತದೆ. ಮೂರನೆಯದು ಕಾಲು: ಎಷ್ಟು ನಡೆಯಬೇಕು, ಎಷ್ಟು ಹೊತ್ತು ನಿಲ್ಲಬೇಕು, ಕೂರಲು ಜಾಗವಿದೆಯೇ, ಶೌಚಾಲಯ ಸಿಗುತ್ತದೆಯೇ. ಈ ಕೊನೆಯದನ್ನು ಯಾವ ಪ್ರವಾಸದ ಪುಸ್ತಕವೂ ಗಟ್ಟಿಯಾಗಿ ಹೇಳುವುದಿಲ್ಲ, ಆದರೆ ಚಳಿಯಲ್ಲಿ ಅರವತ್ತು ದಾಟಿದವರ ದಿನದ ಯೋಜನೆಯನ್ನು ನಿರ್ಧರಿಸುವುದು ಅದೇ. ನಾಲ್ಕನೆಯದು ಹಣ. ಐದನೆಯದು ತಿಂಗಳಿನ ಯಾವ ವಾರ ಎಂಬುದು, ಏಕೆಂದರೆ ನವೆಂಬರ್ ಮೊದಲ ವಾರದ ನ್ಯೂಯಾರ್ಕ್ ಬೇರೆ, ಕೊನೆಯ ವಾರದ್ದು ಬೇರೆ.

ಇನ್ನೂ ಟಿಕೆಟ್ ಕಾಯ್ದಿರಿಸದಿದ್ದರೆ, ವಾರವನ್ನು ಆರಿಸುವ ಸ್ವಾತಂತ್ರ್ಯ ನಿಮಗಿದ್ದರೆ, ಎರಡನೆಯ ವಾರ ಆರಿಸಿಕೊಳ್ಳಿ. ಮರಗಳಲ್ಲಿ ಬಣ್ಣ ಇರುತ್ತದೆ, ಮ್ಯಾರಥಾನ್‌ನ ಜನ ಹೋಗಿರುತ್ತಾರೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಜನ ಬಂದಿರುವುದಿಲ್ಲ. ಕೊನೆಯ ವಾರದಲ್ಲಿ ದೀಪಾಲಂಕಾರದ ಸೊಗಸು ಶುರುವಾಗುತ್ತದೆ ನಿಜ, ಅದರ ಜೊತೆಗೆ ಹೋಟೆಲ್ ಬಾಡಿಗೆ, ನಾಟಕದ ಟಿಕೆಟ್, ಕಾಲುದಾರಿಯ ನೂಕುನುಗ್ಗಲು ಎಲ್ಲವೂ ಏರುತ್ತವೆ.

ಹಣ್ಣೆಲೆಗಳಿಗೆ ಎಲ್ಲಿಗೆ

ಎಲ್ಲರೂ ಕೇಳುವುದು ಇದನ್ನೇ, ಎಲ್ಲರೂ ತಪ್ಪು ಮಾಡುವುದೂ ಇಲ್ಲೇ. ಬಣ್ಣದ ಕಾಡು ನೋಡಬೇಕೆಂದು ಗ್ರ್ಯಾಂಡ್ ಸೆಂಟ್ರಲ್‌ನಿಂದ ರೈಲು ಹತ್ತಿ ಹಡ್ಸನ್ ನದಿಯುದ್ದಕ್ಕೂ ಉತ್ತರಕ್ಕೆ ಹೋಗುತ್ತಾರೆ. ಅಕ್ಟೋಬರ್‌ನಲ್ಲಾದರೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನವೆಂಬರ್ ನಡುವಿಗೆ ಅಲ್ಲಿ ಉಳಿದಿರುವುದು ಬರಿಯ ಕೊಂಬೆಗಳು ಮತ್ತು ಓಕ್ ಮರಗಳ ಕಂದು. ಬಣ್ಣ ಇಳಿದು ಬರುವುದು ಉತ್ತರದಿಂದ ದಕ್ಷಿಣಕ್ಕೆ, ಬೆಟ್ಟದಿಂದ ಬಯಲಿಗೆ. ಕಡಲಂಚಿನ ನಗರದಲ್ಲಿ ಕಾಂಕ್ರೀಟಿನ ಕಾವೂ ಇರುವುದರಿಂದ ಮರಗಳು ಕೊನೆಯಲ್ಲಿ ಬಣ್ಣ ತಿರುಗುತ್ತವೆ. ಸೆಂಟ್ರಲ್ ಪಾರ್ಕ್ ತನ್ನ ಪೂರ್ಣ ಬಣ್ಣಕ್ಕೆ ಬರುವುದು ಸಾಮಾನ್ಯವಾಗಿ ನವೆಂಬರ್‌ನ ಮೊದಲ ಎರಡು ವಾರಗಳಲ್ಲಿ. ಅಂದರೆ ಕಾಡು ಹುಡುಕಿಕೊಂಡು ಊರು ಬಿಟ್ಟವರು ಹಣ್ಣೆಲೆಗಳನ್ನು ಬೆನ್ನ ಹಿಂದೆ ಬಿಟ್ಟು ಹೋಗಿರುತ್ತಾರೆ.

ಎಲೆಯೊಳಗೆ ನಡೆಯುವುದು ಇಷ್ಟು. ಹಗಲು ಕುಗ್ಗಿದಂತೆ ಮರ ತನ್ನ ಹಸಿರು ವರ್ಣದ್ರವ್ಯವನ್ನು ಕರಗಿಸಿ ಒಳಗೆ ಎಳೆದುಕೊಳ್ಳುತ್ತದೆ. ಮೊದಲೇ ಒಳಗಿದ್ದ ಹಳದಿ ಆಗ ಬಯಲಾಗುತ್ತದೆ. ಕೆಂಪು ಮಾತ್ರ ಹೊಸದಾಗಿ ತಯಾರಾಗುವಂಥದ್ದು. ಬಿಸಿಲಿನ ಹಗಲು, ಹಿಮ ಬೀಳದಷ್ಟು ತಣ್ಣಗಿನ ರಾತ್ರಿ ಸಿಕ್ಕ ವರ್ಷ ಅದಕ್ಕೆ ಕಾಂತಿ ಹೆಚ್ಚು. ಹಾಗಾಗಿ ಹಳದಿ ನೋಡಬೇಕೆನ್ನುವವರಿಗೆ ಯಾವ ವರ್ಷವೂ ನಿರಾಸೆಯಿಲ್ಲ, ಕೆಂಪಿಗೆ ಮಾತ್ರ ಸ್ವಲ್ಪ ಅದೃಷ್ಟ ಬೇಕು.

ಸೆಂಟ್ರಲ್ ಪಾರ್ಕ್‌ನ ವಿಸ್ತೀರ್ಣ 843 ಎಕರೆ. 1858ರಲ್ಲಿ ಅದರ ವಿನ್ಯಾಸದ ಸ್ಪರ್ಧೆ ಗೆದ್ದ ಫ್ರೆಡೆರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವೋ ಇಡೀ ಉದ್ಯಾನವನ್ನು ಬಳುಕುವ ದಾರಿಗಳಲ್ಲಿ ಹೆಣೆದರು, ಒಂದನ್ನು ಮಾತ್ರ ನೇರವಾಗಿಟ್ಟರು. ಅದೇ ಮಾಲ್ ಎಂಬ ಸಾಲುಮರದ ಹಾದಿ. ಎರಡೂ ಬದಿಯ ಎಲ್ಮ್ ಮರಗಳು ಮೇಲೆ ಕೈ ಕೈ ಹಿಡಿದ ಚಪ್ಪರದ ಹಾಗೆ ಕೂಡಿಕೊಂಡಿವೆ. ಅವು ಹಳದಿಯಾದ ವಾರ ಬೆಳಗ್ಗೆ ಒಂಬತ್ತಕ್ಕೆ ಅಲ್ಲಿರಬೇಕು. ದಾರಿ ಸಮತಟ್ಟು, ಬೆಂಚುಗಳು ಸಾಲುಸಾಲು, ಮಂಡಿನೋವಿನವರೂ ಕೊನೆಯವರೆಗೆ ನಡೆಯಬಲ್ಲರು. ಅಲ್ಲಿಂದ ಮುಂದೆ ಬೆಥೆಸ್ಡಾ ಕಾರಂಜಿ, ಬೋ ಸೇತುವೆ. ಅದರಾಚೆಯ ರ‍್ಯಾಂಬಲ್ ಎಂಬ ಕಾಡಿನ ತುಂಡು ಏರಿಳಿತದ ಜಾಗ, ಒದ್ದೆ ಎಲೆಗಳು ಜಾರುತ್ತವೆ, ವಯಸ್ಸಾದವರು ಬಿಡಬಹುದು. ಖರ್ಚು ಸೊನ್ನೆ.

ಬ್ರೂಕ್ಲಿನ್‌ನ ಪ್ರಾಸ್ಪೆಕ್ಟ್ ಪಾರ್ಕ್ ಕೂಡ ಅದೇ ಇಬ್ಬರ ಕೈಕೆಲಸ, 526 ಎಕರೆ. ಸೆಂಟ್ರಲ್ ಪಾರ್ಕ್‌ನಲ್ಲಿ ಮಾಡಿದ ತಪ್ಪುಗಳನ್ನು ಅಲ್ಲಿ ತಿದ್ದಿಕೊಂಡರು ಎಂದು ಬ್ರೂಕ್ಲಿನ್‌ನವರು ಹೇಳಿಕೊಂಡು ತಿರುಗುತ್ತಾರೆ. ಜನ ಕಡಿಮೆ, ಬಯಲು ಹೆಚ್ಚು, ಮಕ್ಕಳಿಗೆ ಎಲೆರಾಶಿಯಲ್ಲಿ ಬಿದ್ದು ಹೊರಳಲು ಇದೇ ವಾಸಿ. ಆದರೆ ಮೊದಲ ಸಲ ಬಂದವರಿಗೆ ಇದನ್ನು ಹೇಳುವುದಿಲ್ಲ. ಎಲೆಗಳ ಹಿಂದೆ ಕಟ್ಟಡಗಳ ಸಾಲು ಎದ್ದು ನಿಲ್ಲುವ ಆ ನೋಟ ಸೆಂಟ್ರಲ್ ಪಾರ್ಕ್‌ನಲ್ಲಿ ಮಾತ್ರ ಇರುವುದು, ಅಷ್ಟು ದೂರ ಹೋದವರ ಮನಸ್ಸಿನಲ್ಲಿ ಇರುವುದೂ ಆ ನೋಟವೇ.

ಬ್ರಾಂಕ್ಸ್‌ನಲ್ಲಿರುವ ನ್ಯೂಯಾರ್ಕ್ ಸಸ್ಯೋದ್ಯಾನದ್ದು ಇನ್ನೊಂದು ಬಗೆ. 250 ಎಕರೆಯಲ್ಲಿ 50 ಎಕರೆಯಷ್ಟು ಹಳೆಯ ಕಾಡನ್ನು ಉಳಿಸಿಕೊಂಡಿದ್ದಾರೆ. ಈ ನಗರ ಹುಟ್ಟುವ ಮೊದಲು ಇಲ್ಲೆಲ್ಲ ಹೇಗಿತ್ತು ಎಂದು ಊಹಿಸಲು ಅಷ್ಟು ಸಾಕು. ಒಳಗೆ ಓಡಾಡುವ ಟ್ರಾಮ್‌ಗಾಡಿಯಲ್ಲಿ ಕುಳಿತೇ ಸುತ್ತಬಹುದು, ಬೆಚ್ಚಗಿನ ಗಾಜಿನ ಮನೆಯಿದೆ, ಶೌಚಾಲಯಗಳಿವೆ. ಪ್ರವೇಶದರ ಒಬ್ಬರಿಗೆ ಮೂವತ್ತು ಡಾಲರ್ ದಾಟುತ್ತದೆ. ಗ್ರ್ಯಾಂಡ್ ಸೆಂಟ್ರಲ್‌ನಿಂದ ರೈಲು ಅರ್ಧ ಗಂಟೆಯೊಳಗೆ ಗೇಟಿನ ಹತ್ತಿರವೇ ಇಳಿಸುತ್ತದೆ. ನಡೆಯಲಾರದ, ಆದರೆ ಗಿಡಮರಗಳ ಮೇಲೆ ಪ್ರೀತಿಯಿರುವ ಹಿರಿಯರಿಗೆ ಈ ಹಣ ದಂಡವಲ್ಲ. ಉಳಿದವರಿಗೆ ಉಚಿತದ ಉದ್ಯಾನವೇ ಸಾಕು.

ಮೂರನೆಯ ವಾರ ಕಳೆದು ಬಂದವರಿಗೆ ಬಣ್ಣ ಮುಗಿಯಿತೆಂದು ದುಃಖ ಬೇಡ. ಬೀದಿಬದಿಯ ಗಿಂಕೊ ಮರಗಳನ್ನು ಗಮನಿಸಿ. ಬೀಸಣಿಗೆಯಾಕಾರದ ಎಲೆಗಳು ಬಂಗಾರದ ಬಣ್ಣಕ್ಕೆ ಬಂದು, ಗಡುಸಾದ ಒಂದು ಚಳಿರಾತ್ರಿಯ ಮರುದಿನ ಹೆಚ್ಚುಕಡಿಮೆ ಒಟ್ಟಿಗೇ ಉದುರಿಬಿಡುತ್ತವೆ. ಜೊತೆಗೆ ಹೈಲೈನ್ ಇದೆ. ಹಿಂದೆ ಸರಕು ರೈಲು ಓಡುತ್ತಿದ್ದ ಎತ್ತರದ ಹಳಿಯ ಮೇಲೆ 2009ರಲ್ಲಿ ತೆರೆದ ತೋಟ, ಈಗ ಉದ್ದ 2.3 ಕಿಲೋಮೀಟರ್. ಗಿಡಗಳ ವಿನ್ಯಾಸ ಮಾಡಿದ ಪೀಟ್ ಔಡಾಲ್ಫ್ ಒಣಗಿದ ಗಿಡವನ್ನೂ ಚೆಲುವಿನ ಭಾಗವೆಂದು ಎಣಿಸುವವರು. ಬೀಜದ ತಲೆಗಳು, ಒಣಹುಲ್ಲು, ಕಡ್ಡಿಗಳನ್ನೆಲ್ಲ ಚಳಿಗಾಲ ಪೂರ್ತಿ ಹಾಗೇ ಬಿಟ್ಟು ವಸಂತದ ಹೊಸ್ತಿಲಲ್ಲಿ ಕತ್ತರಿಸುತ್ತಾರೆ. ನವೆಂಬರ್ ಕೊನೆಗೂ ನೋಡುವಂತಿರುವ ತೋಟ ಊರಿನಲ್ಲಿ ಇದೊಂದೇ ಎಂದು ನನ್ನ ಅಭಿಪ್ರಾಯ. ಕೆಲವು ಕಡೆ ಲಿಫ್ಟ್ ಇದೆ, ಟಿಕೆಟ್ ಇಲ್ಲ, ಹಡ್ಸನ್ ಕಡೆಯಿಂದ ಗಾಳಿ ಮಾತ್ರ ಧಾರಾಳ.

ಎತ್ತರದಿಂದ ನೋಡುವುದಾದರೆ

ಒಂದನ್ನು ಹತ್ತಿ. ಎರಡು ಬೇಡ, ಮೂರಂತೂ ಹಣ ಸುರಿದಂತೆ. ಎಲ್ಲದಕ್ಕೂ ತಲೆಗೆ ನಲವತ್ತು ಡಾಲರ್ ಆಚೀಚೆಯಿಂದ ಶುರು, ಸೂರ್ಯಾಸ್ತದ ಹೊತ್ತಿಗೆ ಇನ್ನೂ ಹೆಚ್ಚು. ಇಬ್ಬರು ಹಿರಿಯರು, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಹತ್ತಿ ಇಳಿಯುವಷ್ಟರಲ್ಲಿ ಎರಡು ನೂರು ಡಾಲರ್ ಕರಗಿರುತ್ತದೆ.

ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಹೆಸರಿನ ಬಲವಿದೆ. 1931ರದ್ದು, 86ನೆಯ ಮಹಡಿಯ ತೆರೆದ ಅಂಗಳ 320 ಮೀಟರ್ ಎತ್ತರದಲ್ಲಿದೆ. ಅಲ್ಲಿ ನಿಂತೆವು ಎಂದು ಹೇಳಿಕೊಳ್ಳಬಹುದು. ಕೊರತೆ ಒಂದೇ: ಅದರ ಮೇಲೆ ನಿಂತವರಿಗೆ ಅದೇ ಕಾಣುವುದಿಲ್ಲ. ಎಂಪೈರ್ ಸ್ಟೇಟ್ ಇಲ್ಲದ ನ್ಯೂಯಾರ್ಕ್‌ನ ಚಿತ್ರ ಯಾರಿಗೆ ಬೇಕು? ರಾಕೆಫೆಲ್ಲರ್ ಸೆಂಟರ್‌ನ ನೆತ್ತಿಯಲ್ಲಿರುವ ಟಾಪ್ ಆಫ್ ದ ರಾಕ್ ಹತ್ತಿದರೆ ದಕ್ಷಿಣಕ್ಕೆ ಅದು ಎದುರಿಗೇ ನಿಲ್ಲುತ್ತದೆ, ಉತ್ತರಕ್ಕೆ ತಿರುಗಿದರೆ ಸೆಂಟ್ರಲ್ ಪಾರ್ಕ್ ಇಡಿಯಾಗಿ ಹಾಸಿಕೊಂಡಿರುತ್ತದೆ. ನವೆಂಬರ್‌ನ ಮೊದಲರ್ಧದಲ್ಲಿ ಆ ಹಾಸು ತುಕ್ಕು, ತಾಮ್ರ, ಬಂಗಾರ. ನನ್ನ ಮತ ಇದಕ್ಕೇ. ಅದರ 70ನೆಯ ಮಹಡಿ ಗಾಜಿಲ್ಲದ ತೆರೆದ ಜಾಗ, ಅದರ ಕೆಳಗಿನ ಮಹಡಿಗಳಲ್ಲಿ ಗಾಳಿಗೆ ಮರೆಯಿದೆ. ಚಳಿ ಸಹಿಸದವರು ಒಳಗೇ ನಿಂತು ನೋಡಬಹುದು.

ಗಾಳಿಯೇ ಬೇಡ ಎನ್ನುವವರಿಗೆ ಒಳಗಿನಿಂದಲೇ ನೋಡಬಹುದಾದ ಎರಡು ಆಯ್ಕೆಗಳಿವೆ. ದಕ್ಷಿಣ ಮ್ಯಾನ್‌ಹಟನ್‌ನ ಒನ್ ವರ್ಲ್ಡ್ ಅಬ್ಸರ್ವೇಟರಿಯಿಂದ ಬಂದರು, ದ್ವೀಪಗಳು ಚೆನ್ನಾಗಿ ಕಾಣುತ್ತವೆ, ಸೆಂಟ್ರಲ್ ಪಾರ್ಕ್ ದೂರದ ಮಾತು. 2021ರಲ್ಲಿ ತೆರೆದ ಸಮ್ಮಿಟ್ ಒನ್ ವ್ಯಾಂಡರ್‌ಬಿಲ್ಟ್‌ನಲ್ಲಿ ನೆಲ, ಗೋಡೆ, ಸೂರು ಎಲ್ಲ ಕನ್ನಡಿ. ಹದಿಹರೆಯದವರು ಫೋಟೊ ತೆಗೆಯುತ್ತ ಅಲ್ಲಿಂದ ಹೊರಡಲು ಒಪ್ಪುವುದಿಲ್ಲ. ನೆಲವೂ ಕನ್ನಡಿಯೇ ಆದ್ದರಿಂದ ಲಂಗ ಬೇಡ, ಪ್ಯಾಂಟು ಹಾಕಿ ಬನ್ನಿ ಎಂದು ಅವರೇ ಸಲಹೆ ಕೊಡುತ್ತಾರೆ. ಸೀರೆ ಉಟ್ಟು ಹೋಗುವವರು ಇದನ್ನು ಮೊದಲೇ ತಿಳಿದಿರುವುದು ಒಳಿತು. ತಲೆಸುತ್ತುವವರಿಗೆ ಖಂಡಿತ ಬೇಡ. ಹಡ್ಸನ್ ಯಾರ್ಡ್ಸ್‌ನ ಎಡ್ಜ್ ಎಂಬುದು ಕಟ್ಟಡದಿಂದ ಹೊರಚಾಚಿದ ಅಂಗಳ. ನದಿಯ ಗಾಳಿ ನೇರವಾಗಿ ಬಡಿಯುವ ಜಾಗಕ್ಕೆ ನವೆಂಬರ್‌ನಲ್ಲಿ ಯಾಕೆ ಹೋಗಬೇಕೋ ನನಗೆ ಅರ್ಥವಾಗಿಲ್ಲ.

ಯಾವುದನ್ನೇ ಆರಿಸಿ, ಈ ತಿಂಗಳಿನ ಒಂದು ಲಾಭವನ್ನು ಬಿಡಬೇಡಿ. ಬೇಸಿಗೆಯಲ್ಲಿ ಹಗಲು, ಸಂಜೆಗೆಂಪು, ದೀಪಗಳ ಊರು ಮೂರನ್ನೂ ನೋಡಬೇಕಾದರೆ ರಾತ್ರಿ ಒಂಬತ್ತೂವರೆಯವರೆಗೆ ಮೇಲೆ ಇರಬೇಕು. ಮಕ್ಕಳು ಅಷ್ಟು ಹೊತ್ತಿಗೆ ಹೆಗಲ ಮೇಲೆ ನಿದ್ದೆ ಹೋಗಿರುತ್ತಾರೆ. ನವೆಂಬರ್‌ನಲ್ಲಿ ಮೂರೂಮುಕ್ಕಾಲಕ್ಕೆ ಹತ್ತಿ ಐದೂಕಾಲಕ್ಕೆ ಇಳಿದರೆ ಮೂರೂ ಆಯಿತು. ಸೂರ್ಯಾಸ್ತದ ಹೆಚ್ಚುವರಿ ದರ ತಪ್ಪಿಸಬೇಕೆಂದರೆ ಅದಕ್ಕೆ ಸ್ವಲ್ಪ ಮೊದಲಿನ ವೇಳೆಯ ಟಿಕೆಟ್ ಕೊಂಡು ಮೇಲೆಯೇ ನಿಧಾನಿಸಿ. ತಿಂಗಳುಗಟ್ಟಲೆ ಮುಂಚೆ ಟಿಕೆಟ್ ಕೊಳ್ಳುವುದು ಮಾತ್ರ ಬೇಡ. ಮೋಡ ಕವಿದ ದಿನ ಮೇಲೆ ಹೋದರೆ ಬಿಳಿಯ ಬಟ್ಟೆಯೊಳಗೆ ನಿಂತಂತೆ. ನನಗೆ ಒಂದು ಸಲ ಆ ಅನುಭವವಾಗಿದೆ, ಹಣ ಮರಳಲಿಲ್ಲ.

ಹಣ ಕೊಡಲು ಮನಸ್ಸಿಲ್ಲವೇ? 1976ರಿಂದ ಓಡುತ್ತಿರುವ ರೂಸ್‌ವೆಲ್ಟ್ ದ್ವೀಪದ ತೂಗುಗಾಡಿ ಈಸ್ಟ್ ನದಿಯ ಮೇಲೆ ಕಟ್ಟಡಗಳ ಸಂದಿನಿಂದ ಹಾರುತ್ತದೆ. ಸಬ್‌ವೇ ಎಂಬ ನೆಲದಡಿಯ ರೈಲಿನ ದರವೇ ಅದಕ್ಕೂ, ಸುಮಾರು 3 ಡಾಲರ್. ಕೆಲವೇ ನಿಮಿಷದ ಪಯಣ, ಆದರೆ ಮುಸ್ಸಂಜೆಯಲ್ಲಿ ಅದರ ಮಟ್ಟಕ್ಕೆ ಅದೇ ಸಾಟಿ.

ನೀರಿನ ಮೇಲೆ

ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ದ್ವೀಪಕ್ಕೇ ಹೋಗಿ ನೋಡುವುದೋ, ಹಡಗಿನಿಂದ ನೋಡುವುದೋ? ದ್ವೀಪಕ್ಕೆ ಹೋದರೆ ಅರ್ಧ ದಿನ. ಭದ್ರತಾ ತಪಾಸಣೆಯ ಸಾಲು, ದೋಣಿಯ ಸಾಲು, ಮರಳುವಾಗ ಮತ್ತೆ ಸಾಲು, ಎಲ್ಲವೂ ನೀರಂಚಿನ ಚಳಿಯಲ್ಲಿ. ಟಿಕೆಟ್ ಇಪ್ಪತ್ತೈದು ಡಾಲರ್ ಆಸುಪಾಸು. ಮುಕುಟದವರೆಗೆ ಹತ್ತಬೇಕೆಂದರೆ ಬಹಳ ಮೊದಲೇ ಕಾಯ್ದಿರಿಸಬೇಕು, ಪೀಠದ ಮೇಲಿನಿಂದ ಇಕ್ಕಟ್ಟಾದ 162 ಮೆಟ್ಟಿಲು. ಅದೇ ಟಿಕೆಟ್‌ನಲ್ಲಿ ಎಲಿಸ್ ದ್ವೀಪವೂ ಸೇರಿದೆ; 1892ರಿಂದ 1954ರವರೆಗೆ ಸುಮಾರು 1.2 ಕೋಟಿ ವಲಸಿಗರು ಹಾದುಹೋದ ಕಟ್ಟಡ ಈಗ ವಸ್ತುಸಂಗ್ರಹಾಲಯ. ನಿಜ ಹೇಳಬೇಕೆಂದರೆ ನನಗೆ ಪ್ರತಿಮೆಗಿಂತ ಅದೇ ಹೆಚ್ಚು ಹಿಡಿಸಿತು. ಮಕ್ಕಳನ್ನು ದೂರದೇಶಕ್ಕೆ ಕಳಿಸಿದ ತಂದೆತಾಯಿಯರು ಅಲ್ಲಿನ ಗಂಟುಮೂಟೆಗಳ ಮುಂದೆ ಸುಮ್ಮನೆ ನಿಂತುಬಿಡುವುದನ್ನು ನೋಡಿದ್ದೇನೆ. ಇತಿಹಾಸದಲ್ಲಿ ಆಸಕ್ತಿ ಇದ್ದರೆ ಬೆಳಗಿನ ಮೊದಲ ದೋಣಿಗಳಲ್ಲೇ ಹೋಗಿ. ಫೋಟೊ ಮಾತ್ರ ಸಾಕೆಂದರೆ ಹೋಗಬೇಡಿ.

ಅಂಥವರಿಗೆ ಸ್ಟೇಟನ್ ಐಲೆಂಡ್ ಫೆರಿ ಇದೆ. ಕಿತ್ತಳೆ ಬಣ್ಣದ ದೊಡ್ಡ ಹಡಗು, ಇಪ್ಪತ್ನಾಲ್ಕು ಗಂಟೆಯೂ ಓಡುತ್ತದೆ, ಹೋಗಲು ಇಪ್ಪತ್ತೈದು ನಿಮಿಷ, ಪೂರಾ ಉಚಿತ. ಒಳಗೆ ಬೆಚ್ಚಗಿನ ಬೆಂಚು, ಶೌಚಾಲಯ ಇವೆ. ಹೋಗುವಾಗ ಬಲಬದಿಯಲ್ಲಿ ಕುಳಿತರೆ ಪ್ರತಿಮೆ ಹಾದುಹೋಗುತ್ತದೆ. ಮೂರೂವರೆಯ ಹೊತ್ತಿಗೆ ಹೊರಟರೆ ಹೋಗುವಾಗ ಇಳಿಬಿಸಿಲು, ಬರುವಾಗ ಎದುರಿಗೆ ದೀಪ ಹೊತ್ತಿದ ಮ್ಯಾನ್‌ಹಟನ್. ಕಚೇರಿ ಬಿಟ್ಟವರ ನೂಕುನುಗ್ಗಲು ದ್ವೀಪದ ಕಡೆಗೆ, ನೀವು ಮರಳುವುದು ಅದಕ್ಕೆ ಎದುರಾಗಿ. ಆಚೆ ದಡದಲ್ಲಿ ಎಲ್ಲರೂ ಇಳಿದು ಮತ್ತೆ ಹತ್ತಬೇಕು, ಅಷ್ಟೇ ಶ್ರಮ. ಇದನ್ನು ಬಿಟ್ಟು ಅದೇ ದಡದಲ್ಲಿ ಕೈಹಿಡಿದು ದುಬಾರಿ ದೋಣಿ ಟಿಕೆಟ್ ಮಾರುವವರ ಮಾತಿಗೆ ಕಿವಿಗೊಡಬೇಡಿ.

ಬ್ರೂಕ್ಲಿನ್ ಸೇತುವೆ 1883ರದ್ದು, ದಾಟಲು 1.8 ಕಿಲೋಮೀಟರ್. ಬ್ರೂಕ್ಲಿನ್ ಕಡೆಯಿಂದ ಮ್ಯಾನ್‌ಹಟನ್‌ಗೆ ನಡೆದರೆ ನೋಟ ಮುಖದೆದುರಿಗೆ ಇರುತ್ತದೆ. ನಡುವೆ ಎಲ್ಲೂ ಆಸರೆ ಇಲ್ಲ. ಬಿಸಿಲಿದ್ದು ಗಾಳಿ ಬಿದ್ದುಹೋದ ದಿನಕ್ಕೆ ಮೀಸಲಿಡಿ.

ಮೆರವಣಿಗೆಯೋ, ಹಿಂದಿನ ಸಂಜೆಯೋ

ಥ್ಯಾಂಕ್ಸ್‌ಗಿವಿಂಗ್ ಬರುವುದು ನವೆಂಬರ್‌ನ ನಾಲ್ಕನೆಯ ಗುರುವಾರ. ಅಂದು ಮೇಸೀಸ್ ಮಳಿಗೆಯವರ ಮೆರವಣಿಗೆ. 1924ರಲ್ಲಿ ಶುರುವಾದದ್ದು, ಎರಡನೆಯ ಮಹಾಯುದ್ಧದ ಕಾಲದಲ್ಲಿ 1942ರಿಂದ 44ರವರೆಗೆ ನಿಂತಿತ್ತು. ಹಲವು ಮಹಡಿ ಎತ್ತರದ ಗಾಳಿತುಂಬಿದ ಗೊಂಬೆಗಳನ್ನು ಹತ್ತಾರು ಜನ ಹಗ್ಗ ಹಿಡಿದು 77ನೆಯ ಬೀದಿಯಿಂದ 34ನೆಯ ಬೀದಿಯವರೆಗೆ, ಸುಮಾರು ನಾಲ್ಕು ಕಿಲೋಮೀಟರ್ ನಡೆಸುತ್ತಾರೆ. 1997ರಲ್ಲಿ ಬಿರುಗಾಳಿಗೆ ಸಿಕ್ಕ ಗೊಂಬೆಯೊಂದು ದೀಪದ ಕಂಬಕ್ಕೆ ಬಡಿದು ಜನರಿಗೆ ಗಾಯವಾದ ಮೇಲೆ ಗಾಳಿಯ ವೇಗಕ್ಕೆ ಮಿತಿ ಹಾಕಿದ್ದಾರೆ. ಮಿತಿ ದಾಟಿದರೆ ಗೊಂಬೆಗಳು ಹಾರುವುದಿಲ್ಲ.

ಟಿವಿಯಲ್ಲಿ ನೋಡಿದವರು ಗಮನಿಸದ ಸಂಗತಿಯೆಂದರೆ, ಒಳ್ಳೆಯ ಜಾಗ ಬೇಕಾದರೆ ಬೆಳಗಿನ ಆರಕ್ಕೆಲ್ಲ ಬೀದಿಯಂಚಿನಲ್ಲಿ ನಿಂತಿರಬೇಕು. ಮೆರವಣಿಗೆ ಶುರುವಾಗುವುದು ಎಂಟೂವರೆ, ಒಂಬತ್ತಕ್ಕೆ. ಜಾಗ ಬಿಟ್ಟರೆ ಹೋಯಿತು, ಶೌಚಾಲಯ ಎಲ್ಲಿಯೂ ಇಲ್ಲ, ಕಾಲಡಿಯ ಕಲ್ಲು ಮಂಜುಗಡ್ಡೆಯಂತೆ ತಣ್ಣಗಿರುತ್ತದೆ. ಹದಿನೈದರಿಂದ ನಲವತ್ತೈದರ ವಯಸ್ಸಿನವರಿಗೆ ಇದೊಂದು ಜೀವನದ ಅನುಭವ. ಎಪ್ಪತ್ತು ದಾಟಿದವರಿಗೂ ಐದರೊಳಗಿನ ಮಕ್ಕಳಿಗೂ ಹಿಂದಿನ ದಿನದ ಬುಧವಾರವೇ ಸರಿ. ಅಂದು ಮಧ್ಯಾಹ್ನದಿಂದ ಸಂಜೆಯವರೆಗೆ ಅಮೆರಿಕನ್ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದ ಸುತ್ತಲ ಬೀದಿಗಳಲ್ಲಿ ಆ ಗೊಂಬೆಗಳಿಗೆ ಗಾಳಿ ತುಂಬುತ್ತಾರೆ. ಬಲೆಯ ಕೆಳಗೆ ಮಲಗಿದ ಪ್ರಾಣಿಗಳು ಮೆಲ್ಲಮೆಲ್ಲನೆ ಉಬ್ಬಿ ಏಳುವುದನ್ನು ಜನ ಸಾಲಿನಲ್ಲಿ ನಡೆಯುತ್ತ ನೋಡುತ್ತಾರೆ. ಇದಕ್ಕೂ ಹಣವಿಲ್ಲ. ಜನ ಜಾತ್ರೆಯಂತೆ ಸೇರುವುದು ನಿಜ, ಆದರೆ ಬೇಸರವಾದರೆ ಹೊರಟುಬಿಡಬಹುದು ಎಂಬ ಸೌಕರ್ಯ ಮೆರವಣಿಗೆಗೆ ಇಲ್ಲ.

ಗುರುವಾರ ದೊಡ್ಡ ಸಂಗ್ರಹಾಲಯಗಳು ಮುಚ್ಚಿರುತ್ತವೆ, ಸ್ವಾತಂತ್ರ್ಯ ದೇವಿಯ ದ್ವೀಪವೂ ಮುಚ್ಚಿರುತ್ತದೆ. ಫೆರಿ ಓಡುತ್ತದೆ, ಉದ್ಯಾನಗಳಿಗೆ ಬೀಗವಿಲ್ಲ, ಎಂಪೈರ್ ಸ್ಟೇಟ್‌ಗೆ ವರ್ಷವಿಡೀ ರಜೆಯಿಲ್ಲ.

ಮೊದಲ ವಾರ ಬರುವವರಿಗೆ ಮ್ಯಾರಥಾನ್ ಇದೆ, ಗಡಿಯಾರ ತಿರುಗಿಸುವ ಅದೇ ಭಾನುವಾರ. ಐವತ್ತು ಸಾವಿರಕ್ಕೂ ಹೆಚ್ಚು ಜನ ಬರೋ ಎಂದು ಕರೆಯುವ ನಗರದ ಐದೂ ವಿಭಾಗಗಳನ್ನು ಹಾದು ಸೆಂಟ್ರಲ್ ಪಾರ್ಕ್‌ನಲ್ಲಿ ಓಟ ಮುಗಿಸುತ್ತಾರೆ. ಬ್ರೂಕ್ಲಿನ್‌ನ ಯಾವುದಾದರೂ ಬೀದಿಯಲ್ಲಿ ಒಂದರ್ಧ ಗಂಟೆ ನಿಂತು ಚಪ್ಪಾಳೆ ತಟ್ಟಿ ಬನ್ನಿ. ಆ ದಿನ ಸೆಂಟ್ರಲ್ ಪಾರ್ಕ್‌ಗೆ ಎಲೆ ನೋಡಲು ಹೋದರೆ ತಡೆಬೇಲಿಗಳನ್ನೇ ನೋಡಿ ಬರಬೇಕಾಗುತ್ತದೆ.

ಕತ್ತಲಾದ ಮೇಲೆ

ಇಲ್ಲಿಯವರೆಗಿನದೆಲ್ಲ ಹಗಲಿಗೆ. ನಾಲ್ಕೂವರೆಯ ನಂತರ ಸಿಗುವ ನಾಲ್ಕೈದು ಗಂಟೆ ಈ ತಿಂಗಳು ಉಚಿತವಾಗಿ ಕೊಡುವ ಎರಡನೆಯ ದಿನವಿದ್ದಂತೆ. ಒಳಾಂಗಣದ್ದನ್ನೆಲ್ಲ ಇಲ್ಲಿಗೆ ತಳ್ಳಿ.

ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯ ಶುಕ್ರವಾರ, ಶನಿವಾರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಬುಧವಾರ ರಜೆ. ಹೊರಗಿನವರಿಗೆ 30 ಡಾಲರ್, 65 ದಾಟಿದವರಿಗೆ 22, ಹನ್ನೆರಡರ ಒಳಗಿನವರಿಗೆ ಉಚಿತ. ಮಗ ಅಥವಾ ಮಗಳು ನ್ಯೂಯಾರ್ಕ್ ರಾಜ್ಯದಲ್ಲೇ ವಾಸವಿದ್ದರೆ ಅವರು ತಮಗಿಷ್ಟ ಬಂದಷ್ಟು ಕೊಡಬಹುದು. ನ್ಯೂಜೆರ್ಸಿಯವರಿಗೆ ಈ ಸವಲತ್ತು ಇರುವುದು ವಿದ್ಯಾರ್ಥಿಗಳಾಗಿದ್ದರೆ ಮಾತ್ರ. ಎಲ್ಲವನ್ನೂ ನೋಡುವ ಹುಚ್ಚಿಗೆ ಬೀಳಬೇಡಿ. ಈಜಿಪ್ಟಿನಿಂದ ಕಲ್ಲುಕಲ್ಲಾಗಿ ಬಂದ ಡೆಂಡೂರ್ ದೇಗುಲ, ಚೋಳರ ಕಾಲದ ಕಂಚಿನ ಪಾರ್ವತಿ, ಜೊತೆಗೆ ನಿಮಗೆ ಬೇಕಾದ ಇನ್ನೊಂದು ವಿಭಾಗ, ಎರಡು ಗಂಟೆಗೆ ಅಷ್ಟು ಸಾಕು. ಮಕ್ಕಳಿದ್ದರೆ ಮನಸ್ಸು ಪ್ರಾಕೃತಿಕ ಇತಿಹಾಸದ ಕಡೆ, ಸೂರಿಗೆ ತೂಗಿದ 94 ಅಡಿಯ ನೀಲಿ ತಿಮಿಂಗಿಲದ ಕಡೆ ಎಳೆಯುತ್ತದೆ. ಅದು ಐದೂವರೆಗೇ ಮುಚ್ಚುತ್ತದೆ, ಅಂದರೆ ಹಗಲನ್ನು ಕೇಳುತ್ತದೆ. ಮಳೆ ಬಂದ ದಿನಕ್ಕೆಂದು ಅದನ್ನು ಎತ್ತಿಟ್ಟುಕೊಳ್ಳಿ. ನವೆಂಬರ್‌ನಲ್ಲಿ ಅಂಥ ದಿನ ಒಂದಾದರೂ ಬಂದೇ ಬರುತ್ತದೆ.

ಕೈಯಲ್ಲಿ ಹಣವಿಲ್ಲದ ಸಂಜೆಗಳಿಗೆ ಐದನೆಯ ಅವೆನ್ಯೂ, 42ನೆಯ ಬೀದಿಯ ಸಾರ್ವಜನಿಕ ಗ್ರಂಥಾಲಯ. 1911ರ ಅಮೃತಶಿಲೆಯ ಕಟ್ಟಡ, ಬಾಗಿಲಲ್ಲಿ ತಾಳ್ಮೆ ಮತ್ತು ಸ್ಥೈರ್ಯ ಎಂಬ ಹೆಸರಿನ ಎರಡು ಸಿಂಹಗಳು. ಮುಚ್ಚುವ ಸಮಯವನ್ನು ಮಾತ್ರ ನೋಡಿಕೊಂಡು ಹೋಗಿ. ಅದರ ಬೆನ್ನಿಗಿರುವ ಬ್ರಯಂಟ್ ಪಾರ್ಕ್‌ನಲ್ಲಿ ಅಕ್ಟೋಬರ್ ಕೊನೆಯಿಂದಲೇ ಚಳಿಗಾಲದ ಅಂಗಡಿಸಾಲು, ಹಿಮದ ಜಾರುಕಟ್ಟೆ. ಕಟ್ಟೆಗೆ ಪ್ರವೇಶ ಉಚಿತ, ಆದರೆ ಜಾರುವ ಬೂಟು ಬಾಡಿಗೆಗೆ ತಕ್ಕಮಟ್ಟಿಗೆ ಕೀಳುತ್ತಾರೆ. ರಾಕೆಫೆಲ್ಲರ್ ಸೆಂಟರ್‌ನ ಜಾರುಕಟ್ಟೆ ಪುಟ್ಟದು, ದುಬಾರಿ, ಮೇಲಿನಿಂದ ನೋಡಲು ಚೆನ್ನ. ಅಲ್ಲಿನ ಹೆಸರಾಂತ ದೊಡ್ಡ ಮರಕ್ಕೆ ದೀಪ ಹಚ್ಚುವುದು ಸಾಮಾನ್ಯವಾಗಿ ಥ್ಯಾಂಕ್ಸ್‌ಗಿವಿಂಗ್ ಕಳೆದ ಮೇಲಿನ ಬುಧವಾರ. ಅದಕ್ಕೆ ಮೊದಲು ಹೋದರೆ ಮರವಿರುತ್ತದೆ, ಸುತ್ತ ಅಟ್ಟಣಿಗೆ ಕಟ್ಟಿರುತ್ತಾರೆ.

ನಾಟಕದ ವಿಷಯದಲ್ಲಿ ಹಿರಿಯರು ನನ್ನನ್ನು ಗುಟ್ಟಾಗಿ ಕೇಳುವುದೊಂದಿದೆ: ಹಾಡಿನ ಇಂಗ್ಲಿಷ್ ನಮಗೆ ಅರ್ಥವಾದೀತೇ? ಪ್ರಾಮಾಣಿಕವಾಗಿ ಹೇಳುವುದಾದರೆ ಬ್ರಾಡ್‌ವೇಯಲ್ಲಿ ಅರ್ಧ ತಪ್ಪಿಹೋಗುತ್ತದೆ. ಎರಡೂವರೆ ಗಂಟೆ, ನೂರು ಡಾಲರ್ ದಾಟಿದ ಟಿಕೆಟ್, ಅರ್ಧ ಅರ್ಥ. ಮಾತಿನ ಹಂಗಿಲ್ಲದ್ದು ಬೇಕೆಂದರೆ ರೇಡಿಯೊ ಸಿಟಿ ರಂಗಮಂದಿರದಲ್ಲಿ ನವೆಂಬರ್‌ನಲ್ಲೇ ಶುರುವಾಗುವ ಕ್ರಿಸ್‌ಮಸ್ ನೃತ್ಯಪ್ರದರ್ಶನ. 1933ರಿಂದ ನಡೆದು ಬಂದಿದೆ, ಒಂದೂವರೆ ಗಂಟೆ, ನೃತ್ಯಗಾರ್ತಿಯರ ಸಾಲು ಒಂದೇ ಅಳತೆಯಲ್ಲಿ ಕಾಲೆತ್ತುವುದನ್ನು ನೋಡಲು ನಿಘಂಟು ಬೇಡ. ಅಜ್ಜಿ, ಮೊಮ್ಮಗಳು ಇಬ್ಬರಿಗೂ ಸಲ್ಲುತ್ತದೆ. ಬ್ರಾಡ್‌ವೇಯೇ ಬೇಕೆನ್ನುವವರು ಟೈಮ್ಸ್ ಸ್ಕ್ವೇರ್‌ನ ಕೆಂಪು ಮೆಟ್ಟಿಲುಗಳ ಅಡಿಯ ಟಿಕೆಟ್ ಕಟ್ಟೆಯಲ್ಲಿ ಅದೇ ದಿನದ ಟಿಕೆಟ್‌ಗಳನ್ನು ಅರ್ಧದವರೆಗಿನ ರಿಯಾಯಿತಿಯಲ್ಲಿ ಕೊಳ್ಳಬಹುದು. ಬುಧವಾರ, ಶನಿವಾರದ ಮಧ್ಯಾಹ್ನದ ಆಟಕ್ಕೆ ಹೋಗಬೇಡಿ. ಎರಡರಿಂದ ನಾಲ್ಕೂವರೆ ಎಂದರೆ ದಿನದ ಒಳ್ಳೆಯ ಬೆಳಕನ್ನು ಕತ್ತಲೆಯ ಕೋಣೆಯಲ್ಲಿ ಕೂಡಿಹಾಕಿದಂತೆ.

ಊಟದ ಮಾತು ಚುಟುಕಾಗಿ. ಇಡ್ಲಿ, ದೋಸೆಗೆ ಮ್ಯಾನ್‌ಹಟನ್‌ನಲ್ಲಿ ಲೆಕ್ಸಿಂಗ್ಟನ್ ಅವೆನ್ಯೂವಿನ 28ನೆಯ ಬೀದಿಯ ಆಸುಪಾಸು ಸಾಕು. ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿರುವ ಗಣೇಶ ದೇವಸ್ಥಾನದ ಕ್ಯಾಂಟೀನ್ ಹೆಸರುವಾಸಿ, ಆದರೆ ಹೋಗಿ ಬರಲು ಅರ್ಧ ದಿನ ಹಿಡಿಯುತ್ತದೆ. ಅದನ್ನೂ ಮಳೆಯ ದಿನದ ಲೆಕ್ಕಕ್ಕೆ ಸೇರಿಸಿ.

ಯಾರಿಗೆ ಯಾವುದು

ಇಪ್ಪತ್ತೆರಡು ಜಾಗಗಳ ಆ ದಂಪತಿಗೆ ನಾನು ಬರೆದು ಕಳಿಸಿದ್ದು ಆರು. ಬೆಳಗ್ಗೆ ಮಾಲ್‌ನ ಎಲ್ಮ್ ಮರಗಳು, ಅಲ್ಲಿಂದ ಟಾಪ್ ಆಫ್ ದ ರಾಕ್, ಒಂದು ದಿನ. ಎರಡನೆಯ ದಿನ ಮೊದಲ ದೋಣಿಯಲ್ಲಿ ಎಲಿಸ್ ದ್ವೀಪ, ಮಧ್ಯಾಹ್ನ ವಿಶ್ರಾಂತಿ, ಸಂಜೆ ರೇಡಿಯೊ ಸಿಟಿ. ಮೂರನೆಯದು ಶುಕ್ರವಾರವಾಗಿತ್ತು: ಹಗಲು ಐದನೆಯ ಅವೆನ್ಯೂವಿನ ಬಸ್ಸಿನಲ್ಲಿ ಕುಳಿತು ಊರು ನೋಡುವುದು, ರಾತ್ರಿ ಮೆಟ್ರೊಪಾಲಿಟನ್ ಸಂಗ್ರಹಾಲಯ. ಸಬ್‌ವೇಯ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇಲ್ಲ, ಮಂಡಿನೋವಿನವರಿಗೆ ಬಸ್ಸೇ ಗತಿ. ನಿಧಾನ, ಆದರೆ ಕಿಟಕಿ ಇದೆ.

ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬ ಎತ್ತರದ ಕಟ್ಟಡವನ್ನು ಬಿಟ್ಟು ಆ ಹಣವನ್ನು ತಿಮಿಂಗಿಲಕ್ಕೂ ಜಾರುಕಟ್ಟೆಗೂ ಹಾಕಲಿ; ಎತ್ತರದ ಆಸೆಗೆ ತೂಗುಗಾಡಿ ಸಾಕು. ಕೊನೆಯ ವಾರವಾದರೆ ಬುಧವಾರದ ಗೊಂಬೆಗಳನ್ನು ತಪ್ಪಿಸಬೇಡಿ. ಕೆಲಸದ ಮೇಲೆ ಬಂದು ಒಂದೇ ಒಂದು ಹಗಲು ಬಿಡುವಾದ ಒಂಟಿ ಪ್ರಯಾಣಿಕನಿಗೆ ಬಸ್ಸು, ರೈಲಿನ ಹಣ ಬಿಟ್ಟು ಬೇರೇನೂ ಬೇಡ: ಬೆಳಗ್ಗೆ ಸೆಂಟ್ರಲ್ ಪಾರ್ಕ್, ಮಧ್ಯಾಹ್ನ ಹೈಲೈನ್, ಮೂರೂವರೆಗೆ ಫೆರಿ, ಕತ್ತಲಾದ ಮೇಲೆ ಬ್ರಯಂಟ್ ಪಾರ್ಕ್‌ನ ಅಂಗಡಿಸಾಲು.

ಕೋಟು ಊರಿನಿಂದ ಹೊತ್ತು ತರಬೇಡಿ, ಅಲ್ಲಿನ ಗಾಳಿಗೆ ಅಲ್ಲಿನದೇ ಸರಿ. ನ್ಯೂಜೆರ್ಸಿಯಲ್ಲಿ ಬಟ್ಟೆಗೆ ಮಾರಾಟ ತೆರಿಗೆ ಇಲ್ಲ. ನ್ಯೂಯಾರ್ಕ್ ನಗರದಲ್ಲಿ 110 ಡಾಲರ್‌ಗಿಂತ ಕಡಿಮೆ ಬೆಲೆಯ ಬಟ್ಟೆಗೆ ಮಾತ್ರ ವಿನಾಯಿತಿ. ಆದ್ದರಿಂದ ಕೋಟನ್ನು ಮಗಳ ಮನೆಯ ಹತ್ತಿರವೇ ಕೊಳ್ಳಿ, ಬಂದ ಮೊದಲ ದಿನವೇ ಕೊಳ್ಳಿ. ಅಂಗಡಿಗೆ ಹೋಗುವುದನ್ನು ಕತ್ತಲಾದ ಮೇಲೆ ಇಟ್ಟುಕೊಳ್ಳಿ.